ಕಾವಲಿಗೆ ಲ್ಯಾಬ್ರಡಾರ್ ಬೇಕೆಂದ ತಮ್ಮನಿಗೆ

ಕಳೆದ ತಿಂಗಳು ಜುಬೈಲಿನಿಂದ ತಮ್ಮ ಫೋನ್ ಮಾಡಿದ್ದ. ವಿಟ್ಲದ ಹತ್ತಿರ ಅವನು ಕಟ್ಟಿಸಿದ ಹೊಸ ಮನೆಯ ಒಕ್ಕಲು ಮುಗಿದು ಮೂರು ತಿಂಗಳಾಗಿದೆ. ಮನೆಯಲ್ಲಿ ಅವನ ಹೆಂಡತಿ, ಎರಡು ಮಕ್ಕಳು ಮತ್ತು ನಮ್ಮ ಉಮ್ಮ. ರಸ್ತೆಯಿಂದ ಸ್ವಲ್ಪ ಒಳಗೆ, ಹಿಂದುಗಡೆ ಅಡಿಕೆ ತೋಟ, ಸಂಜೆಯಾದರೆ ಜನ ಓಡಾಟ ಕಡಿಮೆ.

"ಇಚ್ಚ, ಒಂದು ಲ್ಯಾಬ್ರಡಾರ್ ಮರಿ ತಕೊಳ್ಳುವ ಅಂತ ಇದ್ದೇನೆ. ಕಾವಲಿಗೆ. ನಿಮ್ಮಲ್ಲಿ ಉಂಟಲ್ಲ, ಒಳ್ಳೆಯದು ಎಲ್ಲಿ ಸಿಗ್ತದೆ ಹೇಳಿ."

ನನಗೆ ನಗು ತಡೆಯಲಿಲ್ಲ. ಅವನಿಗೆ ಬೇಸರವಾಯಿತು. ಫೋನಿನಲ್ಲಿ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನೇ ಆಗಿದ್ದರೆ ಬರೆಯುತ್ತಿರಲಿಲ್ಲ. ಗಲ್ಫಿನಲ್ಲಿ ದುಡಿಯುವ, ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿದ ನಮ್ಮವರಲ್ಲಿ ಇನ್ನೂ ಮೂರು ನಾಲ್ಕು ಮಂದಿ ಇದೇ ಪ್ರಶ್ನೆ ಕೇಳಿದ್ದಾರೆ.

ನಾನಿರುವುದು ಗೋವಾದ ಸಾಂಖಳಿಯಲ್ಲಿ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಪಣಜಿ ಕಡೆಗೆ ಹೋದವರಿಗೆ ಈ ಊರು ಗೊತ್ತಿರುತ್ತದೆ. ವಾಳವಂಟಿ ಹೊಳೆಯ ದಂಡೆ, ಸುತ್ತ ಕಬ್ಬಿಣದ ಅದಿರಿನ ಗುಡ್ಡಗಳು. ನಾನು ಇಲ್ಲಿಗೆ ಬಂದದ್ದು ಅದಿರಿನ ಟಿಪ್ಪರ್‌ಗಳನ್ನು ನಂಬಿ. ಚಾಲಕರಿಗೆ ಚಹಾ, ಊಟ ಕೊಡುವ ಸಣ್ಣ ಹೋಟೆಲ್. 2012ರಲ್ಲಿ ಗಣಿಗಾರಿಕೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿತು. ಮಾರ್ಚ್ ಮಧ್ಯಕ್ಕೆ ಗುಡ್ಡದ ಮೇಲೆ ಯಂತ್ರಗಳ ಸದ್ದೇ ಇಲ್ಲ. ಸಾಲ ಮಾಡಿ ಟಿಪ್ಪರ್ ತೆಗೆದವರು ಒಬ್ಬೊಬ್ಬರೇ ಗಾಡಿ ಮಾರಿದರು, ಕೆಲವರು ಬಾಡಿಗೆ ಮನೆ ಬಿಟ್ಟು ಊರಿಗೆ ಹೋದರು.

ಅಂಥ ಒಬ್ಬರು, ನನ್ನ ಹೋಟೆಲಿನ ಖಾಯಂ ಗಿರಾಕಿ, ಹೋಗುವ ದಿನ ಬೆಳಿಗ್ಗೆ ಹಳದಿ ಬಣ್ಣದ ಒಂದು ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಂಡು ಬಂದರು. "ಭಾಯಿ, ಹದಿನೈದು ದಿನ ಇಟ್ಟುಕೊಳ್ಳಿ, ಊರಲ್ಲಿ ಜಾಗ ನೋಡಿ ಬಂದು ಕರಕೊಂಡು ಹೋಗುತ್ತೇನೆ." ಆಗ ಅದಕ್ಕೆ ಒಂದೂವರೆ ವರ್ಷ. ಈಗ ಒಂಬತ್ತು ದಾಟಿದೆ. ಅವರ ಹದಿನೈದು ದಿನ ಇನ್ನೂ ಮುಗಿದಿಲ್ಲ. ಅವರನ್ನು ನಾನು ದೂರುವುದಿಲ್ಲ. ಗಾಡಿಯ ಕಂತು ಕಟ್ಟಲಾಗದ ಮನುಷ್ಯ ನಾಯಿಗೆ ಅನ್ನ ಎಲ್ಲಿಂದ ತರುತ್ತಾನೆ? ಹೆಸರು ಅವರೇ ಇಟ್ಟದ್ದು, ಬ್ರೂನೊ. ಗೋವಾದಲ್ಲಿ ಬೀದಿಗೊಂದು ಬ್ರೂನೊ ಸಿಗುತ್ತದೆ.

ಈಗ ಕಾವಲಿನ ವಿಷಯ. ಬ್ರೂನೊ ಬಂದ ಎರಡನೇ ವರ್ಷ ನಮ್ಮ ಹಿತ್ತಲಿನಿಂದ ಎರಡು ಗ್ಯಾಸ್ ಸಿಲಿಂಡರ್ ಕಳುವಾಯಿತು. ಬೆಳಿಗ್ಗೆ ಎದುರು ಅಂಗಡಿಯ ಸಿಸಿಟಿವಿ ನೋಡಿದೆವು. ರಾತ್ರಿ ಎರಡು ಗಂಟೆಗೆ ಇಬ್ಬರು ಬರುತ್ತಾರೆ. ಬ್ರೂನೊ ಎದ್ದು ಹೋಗಿ ಅವರನ್ನು ಮೂಸುತ್ತದೆ, ಬಾಲ ಮಾತ್ರವಲ್ಲ, ಸೊಂಟದಿಂದ ಹಿಂದೆ ಇರುವುದೆಲ್ಲವನ್ನೂ ಅಲ್ಲಾಡಿಸುತ್ತದೆ. ಒಬ್ಬ ತಲೆ ಸವರುತ್ತಾನೆ. ಅವರು ಸಿಲಿಂಡರ್ ಎತ್ತಿಕೊಂಡು ಹೊರಟಾಗ ನಮ್ಮ ಕಾವಲುಗಾರ ನನ್ನ ಒಂದು ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೇಟಿನವರೆಗೆ ಅವರನ್ನು ಬಿಟ್ಟು ಬರುತ್ತದೆ. ಚಪ್ಪಲಿಯನ್ನೂ ಕೊಟ್ಟು ಕಳುಹಿಸುವ ಉದ್ದೇಶ ಇದ್ದಿರಬೇಕು, ಅವರು ತೆಗೆದುಕೊಳ್ಳಲಿಲ್ಲ.

ತಪ್ಪು ನಾಯಿಯದ್ದಲ್ಲ. ಹೆಸರಿನಲ್ಲಿ ಲ್ಯಾಬ್ರಡಾರ್ ಇದ್ದರೂ ಈ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರು ಒಂದು ಬಗೆಯ ನಾಯಿ ಸಾಕುತ್ತಿದ್ದರು. ಕೊಕ್ಕೆಯಿಂದ ಜಾರಿದ ಮೀನು ಹಿಡಿದು ತರುವುದು, ಬಲೆಯ ಹಗ್ಗವನ್ನು ಈಜಿ ಎಳೆದು ತರುವುದು ಅದರ ಕೆಲಸ. ಮೀನಿನ ವ್ಯಾಪಾರದ ಹಡಗುಗಳಲ್ಲಿ ಅದು ಇಂಗ್ಲೆಂಡಿಗೆ ಬಂತು. ಅಲ್ಲಿನ ಶ್ರೀಮಂತರು ಬಾತುಕೋಳಿ ಬೇಟೆಗೆ ಅದನ್ನು ಪಳಗಿಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದನ್ನು ತಳಿಯೆಂದು ಒಪ್ಪಿತು. ರಿಟ್ರೀವರ್ ಎಂದರೆ ಹೆಕ್ಕಿ ತಂದುಕೊಡುವವನು. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಹಲ್ಲು ಊರದೆ, ಗರಿ ಕೆಡದೆ ತಂದು ಯಜಮಾನನ ಕೈಗೆ ಕೊಡಬೇಕು, ಅದಕ್ಕಾಗಿ ತಲೆಮಾರುಗಳಿಂದ ಆರಿಸಿ ಆರಿಸಿ ಮಾಡಿದ ಬಾಯಿ ಅದು. ಬೆರಳುಗಳ ನಡುವೆ ಚರ್ಮ, ನೀರು ಇಳಿಯದ ಎರಡು ಪದರದ ರೋಮ, ಬುಡದಲ್ಲಿ ದಪ್ಪವಾಗಿ ನೀರುನಾಯಿಯ ಬಾಲವನ್ನೇ ಹೋಲುವ ಬಾಲ. ಬಂದರಿನಲ್ಲಿ ಹುಟ್ಟಿ ಅಪರಿಚಿತರ ನಡುವೆ ಬೆಳೆದ ಪ್ರಾಣಿಗೆ ಅಪರಿಚಿತರ ಮೇಲೆ ಸಂಶಯ ಎಲ್ಲಿಂದ ಬರಬೇಕು? ಒಂದು ಲೆಕ್ಕದಲ್ಲಿ ನಮ್ಮ ಹಾಗೆಯೇ, ವ್ಯಾಪಾರಿ ಜಾತಿ.

ಮೂಗು ಮಾತ್ರ ಬೇರೆಯೇ. 1993ರ ಮುಂಬೈ ಸ್ಫೋಟಗಳ ಸಮಯದಲ್ಲಿ ಅಲ್ಲಿನ ಪೊಲೀಸರ ಬಳಿ ಇದ್ದ ಝಂಜೀರ್ ಎಂಬ ಲ್ಯಾಬ್ರಡಾರ್ 3,000 ಕಿಲೋಗಿಂತ ಹೆಚ್ಚು ಆರ್‌ಡಿಎಕ್ಸ್ ಪತ್ತೆ ಮಾಡಿತ್ತು. 2000ದಲ್ಲಿ ಅದು ಸತ್ತಾಗ ಪೊಲೀಸ್ ಗೌರವದೊಂದಿಗೆ ಹೂತರು. ಆದರೆ ಬಾಂಬ್ ಹುಡುಕಲು ಕಲಿಸಿದವರು ದಿನವಿಡೀ ಅದರ ಜೊತೆಗೇ ಇದ್ದರು. ನಾವು ಮರಿ ತಂದು, ಹಿತ್ತಲಿನ ಕಂಬಕ್ಕೆ ಕಟ್ಟಿ, "ಕಾಯಿ" ಎನ್ನುತ್ತೇವೆ.

ಇನ್ನು ನಮ್ಮ ಮನೆಗಳ ನಿಜವಾದ ಪ್ರಶ್ನೆಗೆ ಬರುತ್ತೇನೆ. ಇದನ್ನು ಬಿಟ್ಟು ನಾಯಿಯ ಬಗ್ಗೆ ಬರೆದರೆ ನೀವು ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತೀರಿ.

ಒಮ್ಮೆ ಊರಿನ ಉಸ್ತಾದರೊಬ್ಬರು ಬೆಳಗಾವಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಊಟ ಮುಗಿಸಿ ಹೊರಗೆ ಬಂದರೆ ಅವರ ಎಡಗಾಲಿನ ಚಪ್ಪಲಿ ಇಲ್ಲ. ನೋಡಿದರೆ ಮಾವಿನ ಮರದ ಕೆಳಗೆ ಬ್ರೂನೊ ಅದನ್ನು ಬಾಯಲ್ಲಿ ಇಟ್ಟುಕೊಂಡು ದೊಡ್ಡ ಉಪಕಾರ ಮಾಡಿದವರ ಮುಖ ಮಾಡಿ ನಿಂತಿದೆ. ಒಂದು ಗೀರೂ ಇಲ್ಲ, ಆದರೆ ಪೂರ್ತಿ ಜೊಲ್ಲು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಸ್ತಾದರು ಮಾತ್ರ ಶಾಂತವಾಗಿ, "ಮಣ್ಣು ಎಲ್ಲುಂಟು?" ಎಂದು ಕೇಳಿದರು. ನಳ್ಳಿಯ ಬುಡದಲ್ಲಿ ನನ್ನ ಹೆಂಡತಿ ಒಂದು ಬಕೆಟ್ ಶುದ್ಧವಾದ ಕೆಂಪು ಮಣ್ಣು ಯಾವತ್ತೂ ಇಟ್ಟಿರುತ್ತಾಳೆ. ಏಳು ಸಲ ತೊಳೆದೆವು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಆ ಸಂಜೆ ಅವರು ಒಂದು ಗಂಟೆ ಹೆಚ್ಚು ಕುಳಿತರು.

ಅವರು ವಿವರಿಸಿದ್ದು ಮದ್ರಸದಲ್ಲಿ ಕಲಿತವರಿಗೆಲ್ಲ ಗೊತ್ತಿರುವುದೇ. ನಾವು ಶಾಫಿಗಳು. ನಮ್ಮಲ್ಲಿ ನಾಯಿ ಇಡೀ ದೇಹ ನಜಸ್. ಹನಫಿಗಳಲ್ಲಿ ಜೊಲ್ಲು ನಜಸ್, ಮೈ ಅಲ್ಲ. ಮಾಲಿಕಿಗಳು ನಾಯಿಯನ್ನು ನಜಸ್ ಎನ್ನುವುದೇ ಇಲ್ಲ. ನಮ್ಮಲ್ಲಿಯೂ ಒಣಗಿದ ಕೈ ಒಣಗಿದ ನಾಯಿಗೆ ತಾಗಿದರೆ ತೊಳೆಯಬೇಕಿಲ್ಲ. ಎರಡರಲ್ಲಿ ಒಂದು ಒದ್ದೆಯಿದ್ದರೆ ಮಾತ್ರ ಏಳು ಸಲ. ನಜಸ್ ಎನ್ನುವುದು ನಮಾಝಿಗೆ ಬೇಕಾದ ಶುದ್ಧಿಯ ಲೆಕ್ಕ. ನಾಯಿ ಕೆಟ್ಟ ಪ್ರಾಣಿ, ಕಲ್ಲು ಹೊಡೆಯಬಹುದು ಎಂದು ಅದರ ಅರ್ಥವಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತಂದುಕೊಟ್ಟ ಮನುಷ್ಯನಿಗೆ ಪಾಪ ಕ್ಷಮೆಯಾಯಿತು ಎಂಬ ಹದೀಸ್ ಬುಖಾರಿಯಲ್ಲಿಯೂ ಮುಸ್ಲಿಮಿನಲ್ಲಿಯೂ ಇದೆ. ಶುಕ್ರವಾರ ನಾವು ಓದುವ ಅಲ್ ಕಹ್‌ಫ್ ಸೂರಾದಲ್ಲಿ ಗುಹೆಯ ಯುವಕರ ಜೊತೆಗೆ ಅವರ ನಾಯಿಯೂ ಬರುತ್ತದೆ, ಹೊಸ್ತಿಲಿನಲ್ಲಿ ಮುಂಗಾಲು ಚಾಚಿ ಮಲಗಿರುತ್ತದೆ. ಬೇಟೆಗೆ, ಜಾನುವಾರಿಗೆ, ಬೆಳೆಗೆ ಬಿಟ್ಟು ಸುಮ್ಮನೆ ನಾಯಿ ಸಾಕಿದರೆ ದಿನವೂ ಪುಣ್ಯ ಕಡಿಮೆಯಾಗುತ್ತದೆ ಎಂಬ ಹದೀಸ್ ಕೂಡ ಅಷ್ಟೇ ಸ್ಪಷ್ಟ. ಮನೆಯ ಕಾವಲಿಗೂ ಅನುಮತಿ ಉಂಟು ಎಂದು ಇಮಾಂ ನವವಿಯವರು ಹೇಳಿದ್ದಾರೆ.

ನಮ್ಮವರು ಹಿಡಿದುಕೊಳ್ಳುವುದು ಈ ಕೊನೆಯ ಮಾತನ್ನು. ಲ್ಯಾಬ್ರಡಾರ್ ಬೇಕು, ಏಕೆಂದರೆ ಚಂದ ಉಂಟು, ಪಕ್ಕದ ಬಂಗಲೆಯಲ್ಲಿ ಉಂಟು, ಮಕ್ಕಳು ಕೇಳುತ್ತಾರೆ. ಯಾರಾದರೂ ಕೇಳಿದರೆ "ಕಾವಲಿಗೆ". ನಾನೂ ಎರಡು ವರ್ಷ ಅದನ್ನೇ ಹೇಳುತ್ತಿದ್ದೆ, ಸಿಲಿಂಡರ್ ಹೋದ ಮೇಲೆ ಬಿಟ್ಟೆ. ಬ್ರೂನೊವನ್ನು ನಾನು ಇಟ್ಟುಕೊಂಡದ್ದು ಅದನ್ನು ಬೀದಿಗೆ ಬಿಡಲು ಮನಸ್ಸು ಬಾರದ್ದಕ್ಕೆ, ಅಷ್ಟೇ. ಹೀಗೆಂದು ಉಸ್ತಾದರಿಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಟ್ಟರೆ ಸಾಯುವುದನ್ನು ಬಿಡಬೇಡಿ, ಆದರೆ ಇದು ಹೋದ ಮೇಲೆ ಇನ್ನೊಂದನ್ನು ಹುಡುಕಿಕೊಂಡು ಹೋಗಬೇಡಿ ಎಂದರು. ಆ ಮಾತು ನನಗೆ ಸರಿ ಕಂಡಿದೆ.

ಶಾಫಿಗಳ ಮನೆಗೆ ಬಂದು ಸೇರಿದ ನಾಯಿ ನೀರುನಾಯಿಯ ಬಾಲದ್ದು ಎಂಬುದು ನನ್ನ ನಸೀಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಂಖಳಿಯಲ್ಲಿ ಮನುಷ್ಯರೇ ಒಣಗುವುದಿಲ್ಲ. ವಾಳವಂಟಿ ಉಕ್ಕಿ ಪೇಟೆಗೆ ನೀರು ಬರುವ ವರ್ಷಗಳೂ ಉಂಟು. ಬ್ರೂನೊಗೆ ಚರಂಡಿ ಕಂಡರೂ ಆಯಿತು, ಗದ್ದೆ ಕಂಡರೂ ಆಯಿತು. ಕುಡಿಯಲಿಟ್ಟ ಬೋಗುಣಿಯಲ್ಲಿ ಮೊದಲು ಎರಡು ಮುಂಗಾಲು ಇಟ್ಟು ಆಮೇಲೆ ಕುಡಿಯುತ್ತದೆ. ಹಾಗಾಗಿ ನಮ್ಮ ಮನೆಗೆ ಒಂದು ಕಾನೂನು ಬಂದಿದೆ. ಅದು ಹೊಸ್ತಿಲು ದಾಟುವುದಿಲ್ಲ. ಜಗಲಿಯಲ್ಲಿ ಒಂದು ಮರದ ಹಲಗೆ, ಮೇಲೆ ಮಾಡು, ಬದಿಗೆ ಫ್ಯಾನ್. ನಾಯಿಯ ಕೆಲಸಕ್ಕೆ ನನ್ನದು ಬೇರೆ ಲುಂಗಿ, ಬೇರೆ ಅಂಗಿ. ಕೂದಲು ವರ್ಷವಿಡೀ ಉದುರುತ್ತದೆ, ಮುಸಲ್ಲಾ ಇರುವ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಈ ಶಿಸ್ತು ಕಲಿಯಲು ಬ್ರೂನೊಗೆ ಹದಿನೈದು ದಿನ ಹಿಡಿಯಿತು, ನಮಗೆ ಒಂದು ವರ್ಷ.

ಇಷ್ಟೆಲ್ಲ ಮಾಡಿದರೂ ಉಮ್ಮ ಮೂರು ವರ್ಷ ನಮ್ಮಲ್ಲಿಗೆ ಬರಲಿಲ್ಲ. "ಆ ಜಂತು ಇರುವವರೆಗೆ ನನಗೆ ಅಲ್ಲಿ ನಮಾಝ್ ನಿಲ್ಲಲಿಕ್ಕಿಲ್ಲ ಮೋನೆ" ಎಂದರು. ವಾದ ಮಾಡಲು ನನ್ನಲ್ಲಿ ಕಿತಾಬುಗಳಿದ್ದವು, ಮಾಡಲಿಲ್ಲ. ಒಂದು ನಾಯಿಯಿಂದ ಉಮ್ಮನ ಮೂರು ವರ್ಷ ನನ್ನ ಮನೆಯಿಂದ ಹೋಯಿತು ಎಂಬುದನ್ನು ತಮ್ಮನೇ, ನೀನು ಲೆಕ್ಕಕ್ಕೆ ಹಿಡಿ. ನಿನ್ನ ಮನೆಯಲ್ಲಂತೂ ಅವರು ಅಲ್ಲೇ ಇದ್ದಾರೆ. ಆಮೇಲೆ ಬಂದರು, ಒಂಬತ್ತು ದಿನ ಇದ್ದರು. ಮನಸ್ಸು ಬದಲಾಯಿತೆಂದು ಹೇಳಲಾರೆ. ಜಗಲಿಗೆ ಬರುವಾಗ ಕೊಡೆ ಹಿಡಿದುಕೊಂಡು ಬರುತ್ತಿದ್ದರು, ಮಳೆಗಲ್ಲ.

ಹೊಟ್ಟೆಯ ಕಥೆ ಬೇರೆ. ಲ್ಯಾಬ್ರಡಾರ್‌ಗೆ ಹೊಟ್ಟೆ ತುಂಬಿತು ಎನ್ನುವ ಸುದ್ದಿ ತಲೆಗೆ ಮುಟ್ಟುವುದಿಲ್ಲ. ಇದು ತಮಾಷೆಯ ಮಾತಲ್ಲ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನಿನ ಒಂದು ತುಂಡೇ ಇಲ್ಲ. ತಿಂದದ್ದು ಸಾಕು ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆಯ ಭಾಗ ಅದು. 2024ರಲ್ಲಿ ಅದೇ ತಂಡ, ಇಂಥ ನಾಯಿಗಳು ವಿಶ್ರಾಂತಿಯಲ್ಲಿದ್ದಾಗ ಸುಮಾರು 25 ಶೇಕಡಾ ಕಡಿಮೆ ಶಕ್ತಿ ಖರ್ಚು ಮಾಡುತ್ತವೆ ಎಂದೂ ತೋರಿಸಿತು. ಅಂದರೆ ಹಸಿವು ಹೆಚ್ಚು, ಖರ್ಚು ಕಡಿಮೆ. ಬ್ರೂನೊದ ಜೀನು ಯಾರೂ ನೋಡಿಲ್ಲ, ನೋಡುವ ಅಗತ್ಯವೂ ಇಲ್ಲ. ಅದು ಸಾಬೂನು ತಿಂದಿದೆ, ನನ್ನ ಮಗಳ ಗಣಿತ ಪುಸ್ತಕದ ಭಿನ್ನರಾಶಿ ಪಾಠ ತಿಂದಿದೆ, ಎಪ್ರಿಲಿನಲ್ಲಿ ಗುಡ್ಡದ ಗೇರುಹಣ್ಣು ತಿಂದು ತಿಂದು ಜಗಲಿಯಿಡೀ ವಾಂತಿ ಮಾಡಿದೆ. ಹಣ್ಣಿನೊಂದಿಗೆ ಹಸಿ ಬೀಜವನ್ನೂ ಜಗಿದು ಸಿಪ್ಪೆಯ ಎಣ್ಣೆಗೆ ತುಟಿ ಸುಟ್ಟುಕೊಂಡು ಡಾಕ್ಟರ ಹತ್ತಿರ ಓಡಿದ್ದೂ ಆಗಿದೆ. ನಮ್ಮ ಊರಿನ ಗೇರು ಗುಡ್ಡಗಳ ಬದಿಯಲ್ಲಿ ನಾಯಿ ಸಾಕುವವರು ಇದನ್ನು ನೆನಪಿಡಿ.

ಅದರ ಅತ್ಯಂತ ಸಂಭ್ರಮದ ತಿಂಗಳು ರಂಝಾನ್. ಮೂರು ದಿನದಲ್ಲಿ ಅದಕ್ಕೆ ಲೆಕ್ಕ ಸಿಗುತ್ತದೆ. ಮಗ್ರಿಬ್ ಬಾಂಗಿಗೆ ಹತ್ತು ನಿಮಿಷ ಇರುವಾಗ ಹೊಸ್ತಿಲಿನ ಹೊರಗೆ ಬಂದು ಕುಳಿತುಕೊಳ್ಳುತ್ತದೆ. ಬಾಂಗ್ ಕೇಳಿದ್ದೇ ಎರಡೂ ಕಡೆಯಿಂದ ಜೊಲ್ಲು. ಸಮೋಸ ಕೊಡುವುದಿಲ್ಲ, ಒಳಗೆ ನೀರುಳ್ಳಿ ಇರುತ್ತದೆ, ನಾಯಿಗೆ ನೀರುಳ್ಳಿ ವಿಷ. ದ್ರಾಕ್ಷಿ, ಒಣದ್ರಾಕ್ಷಿಯೂ ಹಾಗೆಯೇ, ಆದ್ದರಿಂದ ನೈಚೋರು ಇಲ್ಲ. ಬಿರಿಯಾನಿಯ ಎಲುಬು ಚೂಪಾಗಿ ಸೀಳುತ್ತದೆ, ಅದೂ ಇಲ್ಲ. ಮನೆಗೆ ಬಂದ ನೆಂಟರಿಗೆ ಇದನ್ನು ವಿವರಿಸುವುದೇ ದೊಡ್ಡ ಕೆಲಸ. "ಪಾಪ, ಒಂದು ತುಂಡು ಕೊಡಿ, ಹೇಗೆ ನೋಡುತ್ತದೆ!" ಹಾಗೆ ನೋಡುವುದೇ ಅದರ ಕಸುಬು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿ 2002ರಲ್ಲಿ ವರದಿ ಮಾಡಿದ್ದರು. ಕಾಲು ಭಾಗ ಕಡಿಮೆ ತಿಂದವು ಸರಾಸರಿ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಗಂಟುನೋವೂ ತಡವಾಗಿ ಬಂತು. ಪಾಪ ಎನಿಸಿದವರು ಇದನ್ನು ಯೋಚಿಸಬೇಕು.

ಸಂತೋಷ ಇಲ್ಲವೇ ಎಂದರೆ, ಬೇಕಾದಷ್ಟು. ಸುಬ್‌ಹಿ ನಮಾಝ್ ಮುಗಿಸಿ ನಾನು ಲುಂಗಿ ಬದಲಿಸುವ ಸದ್ದಿಗೆ ಜಗಲಿಯಲ್ಲಿ ಬಾಲ ಹಲಗೆಗೆ ಬಡಿಯಲು ಶುರುವಾಗುತ್ತದೆ, ತಬಲದ ಹಾಗೆ. ಹೊಳೆಯ ದಂಡೆಯಲ್ಲಿ ನಾವಿಬ್ಬರೇ. ಗಣಿ ನಿಂತ ಆ ವರ್ಷ ಹೋಟೆಲಿಗೆ ದಿನಕ್ಕೆ ಹತ್ತು ಜನವೂ ಬರುತ್ತಿರಲಿಲ್ಲ, ಮನೆಯಲ್ಲಿ ಯಾರಲ್ಲೂ ಹೇಳಲಾಗದ ಲೆಕ್ಕಗಳು ತಲೆಯಲ್ಲಿ ಓಡುತ್ತಿದ್ದವು. ಆಗ ನನ್ನನ್ನು ದಿನಾ ಎಬ್ಬಿಸಿ ನಡೆಸಿದ್ದು ಈ ನಾಯಿ. ತೆಂಗಿನ ಸಿಪ್ಪೆ ಎಸೆದರೆ ನೀರಿಗೆ ಹಾರಿ ತಂದು ಕಾಲಬುಡದಲ್ಲಿ ಇಡುತ್ತದೆ, ಮತ್ತೆ ಎಸೆ ಎನ್ನುತ್ತದೆ. ನಲವತ್ತು ಸಲ ಎಸೆದರೂ ನಲವತ್ತೊಂದನೆಯದ್ದಕ್ಕೆ ಅದೇ ಉತ್ಸಾಹ. ಮಗಳ ಕೈಯಿಂದ ಮೊಟ್ಟೆ ಬಿದ್ದು ಉರುಳಿದಾಗ ಒಡೆಯದೆ ಬಾಯಲ್ಲಿ ಎತ್ತಿ ತಂದುಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಶಿಕಾರಿ ನಾಯಿ ಹಿಡಿದದ್ದನ್ನು ತಾನು ತಿನ್ನದೆ ಯಜಮಾನನಿಗೆ ತಂದುಕೊಡಬೇಕು, ಆಗ ಮಾತ್ರ ಅದು ಹಲಾಲ್ ಎಂದು ನಾವು ಓದಿದ್ದೇವೆ. ಆ ಶರತ್ತು ಏನೆಂದು ನನಗೆ ಅರ್ಥವಾದದ್ದು ಅವತ್ತು.

ತಮ್ಮ ಹೇಳುವುದು, ಮಕ್ಕಳು '777 ಚಾರ್ಲಿ' ನೋಡಿ ಹಟ ಹಿಡಿದಿದ್ದಾರೆ ಎಂದು. ಕಾಸರಗೋಡಿನ ಕಿರಣ್‌ರಾಜ್ 2022ರಲ್ಲಿ ತೆಗೆದ ಆ ಸಿನಿಮಾ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರು ಹಾಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ನಾನೂ ಅತ್ತಿದ್ದೇನೆ. ಆದರೆ ಆ ಸಿನಿಮಾದ ನಾಯಿ ಎಲ್ಲಿಂದ ಬರುತ್ತದೆ ನೆನಪುಂಟಾ? ಮರಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡು ಬರುತ್ತದೆ. ಅದನ್ನು ನೋಡಿ ಅತ್ತವರೇ ಮೊಬೈಲಿನಲ್ಲಿ ಫೋಟೋ ನೋಡಿ, ತಾಯಿ ಎಲ್ಲಿದೆ ಹೇಗಿದೆ ಎಂದು ಕೇಳದೆ, ಮುಂಗಡ ಹಣ ಕಳುಹಿಸುತ್ತಾರೆ. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ವಂಶದಲ್ಲಿ ಬರುತ್ತದೆ. ಮರಿಯಲ್ಲಿ ಕಾಣುವುದಿಲ್ಲ, ಆಮೇಲೆ ಮೆಟ್ಟಿಲು ಹತ್ತಲಾಗದೆ ಕೂಗುವಾಗ ಮಾರಿದವನ ಫೋನು ಸ್ವಿಚ್ ಆಫ್.

ನಾನು ತಮ್ಮನಿಗೆ ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಹೆಂಡತಿಯಲ್ಲಿ ಕೇಳಿದ್ದೀಯಾ?" ಅವನು ಮಾತನಾಡಲಿಲ್ಲ.

ನಾಯಿ ಬೇಕೆನ್ನುವವನು ಜುಬೈಲಿನಲ್ಲಿ. ದಿನಕ್ಕೆರಡು ಸಲ ಅನ್ನ ಹಾಕುವವಳು, ಉಣುಗು ಹೆಕ್ಕುವವಳು, ಮಳೆಗಾಲದಲ್ಲಿ ಕಿವಿಯೊಳಗೆ ಹುಣ್ಣಾದರೆ ಮದ್ದು ಬಿಡುವವಳು, ಪ್ರತಿ ಸಲ ಏಳು ಬಾರಿ ತೊಳೆದು ಮತ್ತೆ ವುಝೂ ಮಾಡಿ ನಮಾಝಿಗೆ ನಿಲ್ಲುವವಳು ವಿಟ್ಲದಲ್ಲಿ. ಅವಳಿಗೆ ನಾಯಿಯೆಂದರೆ ಹೆದರಿಕೆ ಬೇರೆ. ಹಾಗಾದರೆ ಏನಾಗುತ್ತದೆಂದು ನನಗೆ ಗೊತ್ತು, ಊರಿಗೆ ಬಂದಾಗಲೆಲ್ಲ ನೋಡಿದ್ದೇನೆ. ಮೊದಲ ಎರಡು ತಿಂಗಳು ಮರಿಯ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿ. ಆರನೇ ತಿಂಗಳಿಗೆ ಅದು ಮೂವತ್ತು ಕಿಲೋ ಹತ್ತಿರವಾಗಿ ಮಕ್ಕಳನ್ನು ಬೀಳಿಸುತ್ತದೆ. ಆಮೇಲೆ ಸರಪಳಿ. ದನದ ಹಟ್ಟಿಯ ಬದಿಯಲ್ಲಿ ಒಂದು ಕಬ್ಬಿಣದ ಗೂಡು, ಕೋಲಿನಿಂದ ತಳ್ಳಿದ ಬಟ್ಟಲು. ಇಡೀ ದಿನ ಮನುಷ್ಯರ ಸ್ವರ ಕೇಳುತ್ತದೆ, ಯಾರೂ ಹತ್ತಿರ ಬರುವುದಿಲ್ಲ. ಬೇರೆ ತಳಿಯ ನಾಯಿ ಅದನ್ನು ಹೇಗೋ ತಡೆಯಬಹುದು. ಮನುಷ್ಯನ ಕೈಗೆ ಏನಾದರೂ ತಂದುಕೊಡುವುದಕ್ಕೆಂದೇ ಹುಟ್ಟಿದ ಈ ನಾಯಿಗೆ ತಂದುಕೊಡಲು ಒಂದು ಕೈ ಇಲ್ಲದಿದ್ದರೆ ಅದು ಬೊಗಳಿ ಬೊಗಳಿ, ಕಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ನಾಯಿ ಸಾಕಿದ ದೋಷ ದೊಡ್ಡದೋ, ಹಾಗೆ ಕಟ್ಟಿ ಹಾಕಿದ ದೋಷ ದೊಡ್ಡದೋ ಎಂದು ನನ್ನನ್ನು ಕೇಳಿದರೆ ನನಗೆ ಸಂಶಯವೇ ಇಲ್ಲ. ಬೆಕ್ಕನ್ನು ಕಟ್ಟಿ ಹಾಕಿ ಅನ್ನ ಕೊಡದ ಹೆಂಗಸಿನ ಗತಿಯ ಹದೀಸ್ ನಾವೆಲ್ಲ ಕೇಳಿದವರೇ.

ಕಾವಲೇ ಬೇಕಾದರೆ ಗೇಟಿಗೆ ಒಳ್ಳೆಯ ದೀಪ ಹಾಕಿಸು, ಎರಡು ಕ್ಯಾಮೆರಾ ಇಡು. ಜುಬೈಲಿನಲ್ಲಿ ಕುಳಿತು ನೋಡಬಹುದು. ನಾಯಿಯೇ ಬೇಕೆಂದಾದರೆ ತೋಟದಲ್ಲಿ ತಾನಾಗಿ ಓಡಾಡುವ ನಾಡನಾಯಿಗೆ ದಿನಾ ಒಂದು ಹೊತ್ತು ಅನ್ನ ಹಾಕಿಸು, ಲಸಿಕೆ ಕೊಡಿಸು. ಅದು ಹೊರಗೇ ಇರುತ್ತದೆ, ನಮ್ಮ ಸೆಕೆಯನ್ನೂ ಮಳೆಯನ್ನೂ ಬಲ್ಲದು, ರಾತ್ರಿ ಎಲೆ ಅಲ್ಲಾಡಿದರೂ ಬೊಗಳುತ್ತದೆ. ಇಲ್ಲಿ ಗೋವಾದಲ್ಲಿ ಮಿಷನ್ ರೇಬೀಸ್‌ನವರೂ ಸರ್ಕಾರವೂ ವರ್ಷಗಟ್ಟಲೆ ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕಿ 2021ರಲ್ಲಿ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು. ಬೀದಿನಾಯಿ ಎಂದರೆ ಹುಚ್ಚುನಾಯಿ ಎಂದು ಹೆದರುವವರು ಅದನ್ನು ನೋಡಬೇಕು.

ಊರಿನಲ್ಲೇ ಇರುವವರು, ದಿನಕ್ಕೆ ಎರಡು ಗಂಟೆ ಕೊಡಬಲ್ಲವರು, ಮನೆಯ ಹೆಂಗಸರು ಮನಸ್ಸಿನಿಂದ ಒಪ್ಪಿದವರು ಲ್ಯಾಬ್ರಡಾರ್ ಸಾಕಿದರೆ ನನ್ನ ತಕರಾರಿಲ್ಲ. ಅವರ ಲೆಕ್ಕ ಅವರದ್ದು. ಆದರೂ ಮರಿ ಕೊಳ್ಳುವ ಮೊದಲು, ಸಾಕಲಾಗದೆ ಯಾರಾದರೂ ಬಿಟ್ಟದ್ದು ಉಂಟಾ ನೋಡಿ. ಇರುತ್ತದೆ.

ಬ್ರೂನೊ ಈಗ ಜಗಲಿಯ ಎರಡು ಮೆಟ್ಟಿಲು ಹತ್ತಲು ಮೂರು ಸಲ ಯೋಚಿಸುತ್ತದೆ. ನಾನು ಒಂದು ಇಳಿಜಾರು ಹಲಗೆ ಹಾಕಿಸಿದ್ದೇನೆ. ಹೊಳೆಗೆ ಹೋಗುವ ದಾರಿಯಲ್ಲಿ ನಡುವೆ ಒಮ್ಮೆ ಕುಳಿತುಕೊಳ್ಳುತ್ತದೆ, ನಾನೂ ಕುಳಿತುಕೊಳ್ಳುತ್ತೇನೆ, ನನಗೂ ಮೊಣಕಾಲು ನೋವು ಶುರುವಾಗಿದೆ.

ಮೊನ್ನೆ ರಾತ್ರಿ ತಮ್ಮ ಪುನಃ ಫೋನ್ ಮಾಡಿದ. ಹೆಂಡತಿಯಲ್ಲಿ ಕೇಳಿದನಂತೆ. ನಾಯಿ ಬೇಡ, ನೀವೇ ಒಂದು ತಿಂಗಳು ಬಂದು ಇರಿ ಎಂದಳಂತೆ. ಜುಲೈಯಲ್ಲಿ ರಜೆ ಸಿಗುತ್ತದಂತೆ. ಮಕ್ಕಳನ್ನು ಕರಕೊಂಡು ನಾಲ್ಕು ದಿನ ಸಾಂಖಳಿಗೆ ಬಾ, ಮಳೆಯಲ್ಲಿ ಒದ್ದೆಯಾದ ಲ್ಯಾಬ್ರಡಾರನ್ನು ನಾಲ್ಕು ದಿನ ನೀನೇ ನೋಡಿಕೋ ಎಂದಿದ್ದೇನೆ. ಹಳೆ ಬಟ್ಟೆ ತರಲಿಕ್ಕೆ ಹೇಳಿ ಎಂದು ಒಳಗಿನಿಂದ ನನ್ನ ಹೆಂಡತಿ ಕೂಗಿದಳು. ಚಪ್ಪಲಿ ಎರಡು ಜೊತೆ.